ಗ್ರಾಹಕ ಪರಿಷತ್ತಿನ ಪುನಾರಚನೆ ಮತ್ತು ಶ್ರಾವಕನ ಹೊಣೆ

(ಹೈದರಾಬಾದಿನಲ್ಲಿ ಕನ್ನಡ ಜೈನ ಕುಟುಂಬಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶ್ರಾವಕನ ಐದು ಅಣುವ್ರತಗಳಲ್ಲಿ ಒಂದಾದ ಅಚೌರ್ಯಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಮಾಲಿನೊಡನೆ ಅದರಂತೆಯೇ ಕಾಣುವ ಕೀಳು ಮಾಲನ್ನು ಬೆರೆಸಿ ಮಾರುವುದು. ಕೊನೆಯ ಎರಡಕ್ಕೆ ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ ಎಂದು ಹೆಸರು. ಪಾಠಶಾಲೆಯಲ್ಲಿ ಮಕ್ಕಳು ಇವನ್ನು ಬಾಯಿಪಾಠ ಮಾಡುತ್ತಾರೆ. 2009ರ ಕಾನೂನು ಮಾಪನ ಕಾಯ್ದೆಯೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯೂ ಇದೇ ಎರಡು ದೋಷಗಳನ್ನು ಅಪರಾಧವೆಂದು ಕರೆದಿವೆ ಎಂಬುದನ್ನು ಗಮನಿಸುವವರು ಕಡಿಮೆ.

ವ್ರತಕ್ಕೂ ಶಾಸನಕ್ಕೂ ಒಂದು ವ್ಯತ್ಯಾಸವಿದೆ. ವ್ರತವು ಮಾರುವವನ ಅಂತಃಕರಣವನ್ನು ಉದ್ದೇಶಿಸಿ ಮಾತನಾಡುತ್ತದೆ. ವ್ರತವಿಲ್ಲದ ವ್ಯಾಪಾರಿಯ ಎದುರು ನಿಂತ ಕೊಳ್ಳುವವನು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದುದು ರಾಜ್ಯ. ಆ ಉತ್ತರದ ಒಂದು ಭಾಗ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಇನ್ನೊಂದು ಭಾಗ ಗ್ರಾಹಕ ಸಂರಕ್ಷಣಾ ಪರಿಷತ್ತು. ಆಯೋಗವನ್ನು ಜನರು ಬಲ್ಲರು. ಹೈದರಾಬಾದಿನಲ್ಲಿ ನಾಂಪಲ್ಲಿಯ ಕಟ್ಟಡದ ಮೆಟ್ಟಿಲೇರಿ ದೂರು ಕೊಟ್ಟವರು ಈ ಸಭೆಯಲ್ಲಿಯೂ ಇರಬಹುದು. ಪರಿಷತ್ತನ್ನು ಕಂಡವರು ಯಾರು? ಅದರ ಸದಸ್ಯರೊಬ್ಬರ ಹೆಸರನ್ನಾದರೂ ಹೇಳಬಲ್ಲವರು ಎಷ್ಟು ಮಂದಿ? ಈ ಪ್ರಶ್ನೆಗೆ ಎದುರಾಗುವ ಮೌನವೇ ಇಂದಿನ ಉಪನ್ಯಾಸದ ವಿಷಯ.

ಮೊದಲು ಇವೆರಡರ ಕೆಲಸವನ್ನು ಬೇರ್ಪಡಿಸಿ ನೋಡಬೇಕು. ಆಯೋಗವು ನ್ಯಾಯಪೀಠ. ಹಾಳಾದ ಶೀತಕ ಪೆಟ್ಟಿಗೆಯನ್ನೋ, ತಿರಸ್ಕೃತವಾದ ವಿಮೆಯ ಕೋರಿಕೆಯನ್ನೋ ಹಿಡಿದು ಒಬ್ಬ ಗ್ರಾಹಕನು ಬಂದಾಗ ಅದು ಆ ಒಬ್ಬನ ವ್ಯಾಜ್ಯವನ್ನು ತೀರ್ಮಾನಿಸುತ್ತದೆ. ಪರಿಷತ್ತು ನ್ಯಾಯಪೀಠವಲ್ಲ. ಒಂದೇ ಬಗೆಯ ಮೋಸವು ನೂರು ಅಂಗಡಿಗಳಲ್ಲಿ ನಡೆಯುತ್ತಿರುವಾಗ, ಯಾವ ನಿಯಮ ಬದಲಾಗಬೇಕು, ಯಾವ ಇಲಾಖೆ ಎಚ್ಚರಗೊಳ್ಳಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿ ಅದು. ಆಯೋಗವು ಗಾಯಕ್ಕೆ ಮದ್ದು ಹಚ್ಚುವ ಕಡೆ, ಪರಿಷತ್ತು ಗಾಯವಾಗದಂತೆ ನೋಡಿಕೊಳ್ಳಬೇಕಾದ ಕಡೆ.

ಈ ವ್ಯವಸ್ಥೆಯ ಚರಿತ್ರೆ ದೀರ್ಘವೇನಲ್ಲ. 1985ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗ್ರಾಹಕ ಸಂರಕ್ಷಣೆಯ ಮಾರ್ಗಸೂಚಿಗಳನ್ನು ಅಂಗೀಕರಿಸಿತು. ಮರುವರ್ಷ ಭಾರತದ ಸಂಸತ್ತು ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ರಚಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ 1986ರ ಡಿಸೆಂಬರ್ 24ನ್ನು ಇಂದಿಗೂ ರಾಷ್ಟ್ರೀಯ ಗ್ರಾಹಕ ದಿನವಾಗಿ ಆಚರಿಸಲಾಗುತ್ತಿದೆ. ಆ ಕಾಯ್ದೆಯು ಕೇಂದ್ರಕ್ಕೊಂದು, ರಾಜ್ಯಗಳಿಗೊಂದೊಂದು ಪರಿಷತ್ತನ್ನು ಕಲ್ಪಿಸಿತು. 2002ರ ತಿದ್ದುಪಡಿಯು ಜಿಲ್ಲಾ ಪರಿಷತ್ತುಗಳನ್ನೂ ಸೇರಿಸಿತು. ಪ್ರಾರಂಭದ ಕೇಂದ್ರ ಪರಿಷತ್ತಿನಲ್ಲಿ 150ರವರೆಗೆ ಸದಸ್ಯರಿರಲು ಅವಕಾಶವಿತ್ತು. ಅದು ಸಭೆಗಿಂತ ಜಾತ್ರೆಗೆ ಸಮೀಪವಾಗಿದ್ದ ಸಂಖ್ಯೆ.

2019ರ ಹೊಸ ಕಾಯ್ದೆಯು 2020ರ ಜುಲೈ 20ರಂದು ಜಾರಿಗೆ ಬಂದಿತು. ಅದರ ಅಡಿಯ ನಿಯಮಗಳಂತೆ ಕೇಂದ್ರ ಪರಿಷತ್ತಿನಲ್ಲಿ ಅಧ್ಯಕ್ಷರಾದ ಸಚಿವರು, ಉಪಾಧ್ಯಕ್ಷರಾದ ರಾಜ್ಯ ಸಚಿವರು ಹಾಗೂ ಇತರ 34 ಮಂದಿ, ಒಟ್ಟು 36 ಸದಸ್ಯರು. ಅವಧಿ ಮೂರು ವರ್ಷ. ರಾಜ್ಯ ಪರಿಷತ್ತಿಗೆ ಆ ರಾಜ್ಯದ ಗ್ರಾಹಕ ವ್ಯವಹಾರಗಳ ಸಚಿವರು ಅಧ್ಯಕ್ಷರು. ಜಿಲ್ಲಾ ಪರಿಷತ್ತಿಗೆ ಜಿಲ್ಲಾಧಿಕಾರಿಗಳು. ಕೇಂದ್ರ ಪರಿಷತ್ತು ವರ್ಷಕ್ಕೆ ಒಮ್ಮೆಯಾದರೂ, ರಾಜ್ಯ ಮತ್ತು ಜಿಲ್ಲಾ ಪರಿಷತ್ತುಗಳು ವರ್ಷಕ್ಕೆ ಎರಡು ಬಾರಿಯಾದರೂ ಸಭೆ ಸೇರಲೇಬೇಕು.

ಈ ಬದಲಾವಣೆಯಲ್ಲಿ ಒಂದು ಕ್ರಿಯಾಪದ ಸದ್ದಿಲ್ಲದೆ ಬದಲಾಯಿತು. ಹಳೆಯ ಕಾಯ್ದೆಯಲ್ಲಿ ಗ್ರಾಹಕನ ಹಕ್ಕುಗಳನ್ನು ಪ್ರವರ್ಧಿಸುವುದು ಮತ್ತು ರಕ್ಷಿಸುವುದು ಪರಿಷತ್ತಿನ ಉದ್ದೇಶವಾಗಿತ್ತು. ಹೊಸ ಕಾಯ್ದೆಯಲ್ಲಿ ಆ ಪ್ರವರ್ಧನೆ ಮತ್ತು ರಕ್ಷಣೆಯ ಬಗ್ಗೆ ಸಲಹೆ ನೀಡುವುದಷ್ಟೇ ಅದರ ಉದ್ದೇಶ. ರಕ್ಷಿಸುವ ಅಧಿಕಾರವು ಹೊಸದಾಗಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಹೋಯಿತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಲ್ಲ ಸಂಸ್ಥೆ ಅದು. ಇದು ಒಳ್ಳೆಯದೇ. ಆದರೆ ಅಧಿಕಾರವು ದೆಹಲಿಗೆ ಏರಿದಷ್ಟೂ, ಬೇಗಂ ಬಜಾರಿನ ಅಂಗಡಿಯಲ್ಲಿ ಏನು ನಡೆಯುತ್ತಿದೆಯೆಂದು ಹೇಳುವ ಬಾಯಿ ಸ್ಥಳದಲ್ಲಿಯೇ ಇರಬೇಕಾಗುತ್ತದೆ. ಆ ಬಾಯಿ ಪರಿಷತ್ತು.

ಈಗ ಲೆಕ್ಕಕ್ಕೆ ಬರೋಣ. ಪ್ರತಿಯೊಂದು ಜಿಲ್ಲೆಗೂ ಪರಿಷತ್ತನ್ನು ಅಧಿಸೂಚನೆಯ ಮೂಲಕ ಸ್ಥಾಪಿಸಬೇಕೆಂಬುದು ಕಾಯ್ದೆಯ ಆದೇಶ. 2014ರ ಜೂನ್ 2ರಂದು 10 ಜಿಲ್ಲೆಗಳೊಡನೆ ಹುಟ್ಟಿದ ತೆಲಂಗಾಣವು 2016ರಲ್ಲಿ 31 ಜಿಲ್ಲೆಗಳಾಗಿ, 2019ರಲ್ಲಿ 33 ಆಯಿತು. 33 ಜಿಲ್ಲೆಗಳಲ್ಲಿ ವರ್ಷಕ್ಕೆ ಎರಡರಂತೆ 66 ಸಭೆಗಳು, ರಾಜ್ಯ ಪರಿಷತ್ತಿನ 2, ಒಟ್ಟು 68. ಕರ್ನಾಟಕದ 31 ಜಿಲ್ಲೆಗಳಿಗೆ ಇದೇ ಲೆಕ್ಕ ಹಾಕಿದರೆ 64. ಇದು ಕನಿಷ್ಠ ಸಂಖ್ಯೆ. ಪ್ರತಿಯೊಂದು ಸಭೆಗೂ ಕಾರ್ಯಸೂಚಿ, ಹಾಜರಿ, ನಡಾವಳಿ, ಹಿಂದಿನ ನಿರ್ಣಯದ ಮೇಲೆ ಕೈಗೊಂಡ ಕ್ರಮದ ವರದಿ ಇರಬೇಕು. ಯಾವ ರಾಜ್ಯದ ಸರ್ಕಾರವೇ ಇರಲಿ, ಯಾವ ಪಕ್ಷದ್ದೇ ಇರಲಿ, ಪರಿಷತ್ತನ್ನು ಪುನಾರಚಿಸಿದೆವು ಎಂದು ಘೋಷಿಸಿದಾಗ ನಾಗರಿಕನು ಕೇಳಬೇಕಾದುದು ಹೊಸ ಸದಸ್ಯರ ಪಟ್ಟಿಯನ್ನು ಮಾತ್ರವಲ್ಲ. ಹಿಂದಿನ ಅವಧಿಯ ಈ ಕಡತವನ್ನು. ಹಳೆಯ ವರ್ಷದ ಲೆಕ್ಕ ಮುಗಿಸದೆ ಹೊಸ ವರ್ಷದ ಖಾತೆ ತೆರೆಯುವ ಅಂಗಡಿಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಆಯೋಗದ ಪೀಠಗಳು ಖಾಲಿಯಿದ್ದಾಗ ದೂರುದಾರರು ಬಾಗಿಲಲ್ಲಿ ನಿಂತಿರುತ್ತಾರೆ, ಆದುದರಿಂದ ಸದ್ದಾಗುತ್ತದೆ. ದೇಶದಾದ್ಯಂತ ಆಯೋಗಗಳಲ್ಲಿ ಭರ್ತಿಯಾಗದ ಹುದ್ದೆಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತಾನಾಗಿಯೇ ವಿಚಾರಣೆ ಕೈಗೊಂಡು ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ಪರಿಷತ್ತು ಖಾಲಿಯಿದ್ದರೆ ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ. ಸಭೆ ಸೇರದ ಪರಿಷತ್ತಿನಿಂದ ನಷ್ಟವಾದವನಿಗೆ ತನಗೆ ನಷ್ಟವಾಗಿದೆಯೆಂಬುದೇ ತಿಳಿಯದು.

ಚುರುಕಾದ ಪರಿಷತ್ತೊಂದು ಹೈದರಾಬಾದಿನಲ್ಲಿದ್ದರೆ ಏನು ಮಾಡಬಹುದು ಎಂಬುದಕ್ಕೆ ಮೂರು ಉದಾಹರಣೆಗಳು ಸಾಕು. ಮೂರೂ ಜೈನ ಕುಟುಂಬಗಳ ಮನೆಯೊಳಗಿನವೇ.

ಮೊದಲನೆಯದು ಚಿನ್ನದ ಮಾಸಿಕ ಕಂತಿನ ಯೋಜನೆ. ಅನೇಕ ಮನೆಗಳಲ್ಲಿ ತಾಯಂದಿರು ತಿಂಗಳು ತಿಂಗಳು ಅಂಗಡಿಗೆ ಕಟ್ಟುತ್ತಾರೆ. ಹನ್ನೊಂದು ಕಂತು ಮುಗಿದಾಗ ಒಡವೆ. ಈ ಯೋಜನೆಗಳು ಒಂದು ವರ್ಷದೊಳಗೇ ಮುಗಿಯುವುದೇಕೆಂದು ಕೇಳಿದವರು ವಿರಳ. 2014ರ ಠೇವಣಿ ಸ್ವೀಕಾರ ನಿಯಮಗಳ ಪ್ರಕಾರ, ಮಾಲು ಕೊಡುವುದಕ್ಕಾಗಿ ಕಂಪನಿಯು ಪಡೆದ ಮುಂಗಡವನ್ನು 365 ದಿನಗಳೊಳಗೆ ಮಾಲಿಗೆ ಹೊಂದಿಸದಿದ್ದರೆ ಅದು ಠೇವಣಿಯೆನಿಸುತ್ತದೆ, ಠೇವಣಿಯ ಕಠಿಣ ನಿಯಮಗಳೆಲ್ಲ ಅದಕ್ಕೆ ಅನ್ವಯಿಸುತ್ತವೆ. ಅವಧಿಯೊಳಗಿದ್ದರೆ ಅದು ಬರಿಯ ಮುಂಗಡ. ಅಂಗಡಿಯು ನಡುವೆಯೇ ಮುಚ್ಚಿದರೆ ಕಂತು ಕಟ್ಟಿದ ತಾಯಿಯ ಸ್ಥಾನ, ಯಾವ ಭದ್ರತೆಯೂ ಇಲ್ಲದೆ ಸಾಲ ಕೊಟ್ಟವರ ಸ್ಥಾನ. ಹಾಲ್‌ಮಾರ್ಕ್ ಇಲ್ಲಿ ನೆರವಾಗದು. 2021ರ ಜೂನ್ 16ರಿಂದ ಹಂತ ಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಹಾಗೂ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರಾಂಕಿಗಳ ಗುರುತು ಕೈಗೆ ಬಂದ ಚಿನ್ನದ ಶುದ್ಧತೆಯನ್ನು ಹೇಳುತ್ತವೆ, ಕೈಗೆ ಬಾರದ ಚಿನ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರತಿಯೊಂದು ಕಂತಿನ ಪುಸ್ತಕದ ಮೊದಲ ಪುಟದಲ್ಲಿ ಈ ಅಪಾಯವನ್ನೂ, ಮಜೂರಿ ಮತ್ತು ವೇಸ್ಟೇಜ್ ಲೆಕ್ಕ ಹಾಕುವ ಕ್ರಮವನ್ನೂ ಮುದ್ರಿಸಬೇಕೆಂದು ಪರಿಷತ್ತು ಶಿಫಾರಸು ಮಾಡಬಹುದು. ಅದಕ್ಕೆ ಹಣ ಬೇಡ, ಒಂದು ನಿರ್ಣಯ ಸಾಕು.

ಎರಡನೆಯದು ಮನೆ. ಈ ನಗರದ ಪಶ್ಚಿಮ ಅಂಚಿನಲ್ಲಿ ಕಟ್ಟಡ ಏಳುವ ಮೊದಲೇ ಪ್ರೀ-ಲಾಂಚ್ ಹೆಸರಿನಲ್ಲಿ ಫ್ಲ್ಯಾಟ್ ಮಾರುವ ಪದ್ಧತಿ ಬೆಳೆದಿದೆ. ಕೆಲವೆಡೆ ಭೂಮಿಯ ಅವಿಭಜಿತ ಪಾಲನ್ನು ನೋಂದಾಯಿಸಿಕೊಟ್ಟು ಪೂರ್ಣ ಹಣವನ್ನು ಮೊದಲೇ ಪಡೆಯಲಾಗುತ್ತದೆ. 2016ರ ರೇರಾ ಕಾಯ್ದೆಯ 3ನೆಯ ಸೆಕ್ಷನ್ ಪ್ರಕಾರ, ನೋಂದಣಿ ಬೇಕಾದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಮಾಡುವಂತೆಯೇ ಇಲ್ಲ, ಮಾರುವುದಂತೂ ದೂರ. ಕೊಂಡವನು ಮೋಸಹೋದರೆ ರೇರಾ ಪ್ರಾಧಿಕಾರಕ್ಕೂ ಹೋಗಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರಿನಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಎರಡೂ ಹಣ ಹೋದ ಮೇಲಿನ ದಾರಿಗಳು. ಉಪನೋಂದಣಿ ಕಚೇರಿಯ ಬಾಗಿಲಲ್ಲಿಯೇ ಯೋಜನೆಯ ರೇರಾ ಸಂಖ್ಯೆಯನ್ನು ಕೇಳುವ ಫಲಕವಿರಲಿ ಎಂದು ಹೇಳಬೇಕಾದುದು ಪರಿಷತ್ತು. ಬೆಂಗಳೂರಿನಿಂದಲೋ ಬೆಳಗಾವಿಯಿಂದಲೋ ನೌಕರಿಗೆಂದು ಬಂದ ಕುಟುಂಬಕ್ಕೆ ಇಲ್ಲಿನ ಭೂಮಿಯ ಇತಿಹಾಸ ಗೊತ್ತಿರುವುದಿಲ್ಲ; ಕಂಡ ಜಾಹೀರಾತೇ ಅದಕ್ಕೆ ಪ್ರಮಾಣ.

ಮೂರನೆಯದು ಆಹಾರ. ಹಸಿರು ಚುಕ್ಕೆಯನ್ನು ನಂಬಿ ಪೊಟ್ಟಣ ಕೊಳ್ಳುವ ಶ್ರಾವಕನಿಗೆ ಅದರೊಳಗಿನ ಸೂಕ್ಷ್ಮ ಪದಾರ್ಥಗಳ ಮೂಲ ತಿಳಿಯದು. ಇ-631 ಎಂದು ಗುರುತಿಸುವ ರುಚಿವರ್ಧಕವು ಸಸ್ಯಮೂಲದಿಂದಲೂ ಬರಬಹುದು, ಮಾಂಸ ಅಥವಾ ಮೀನಿನಿಂದಲೂ ಬರಬಹುದು. ಪ್ರಮಾಣವು ಎಷ್ಟೇ ಅತ್ಯಲ್ಪವಾಗಿದ್ದರೂ ಪದಾರ್ಥದ ಮೂಲವು ಸಸ್ಯವೋ ಪ್ರಾಣಿಯೋ ಎಂಬುದನ್ನು ತಿಳಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ಹೇಳಿತು. ಆ ಅರ್ಜಿಯನ್ನು ಹಾಕಿದ್ದು ಗೋರಕ್ಷಣೆಯ ಸಂಘವೊಂದು. ಅಹಿಂಸೆಯನ್ನು ಪರಮಧರ್ಮವೆನ್ನುವ ಜೈನ ಸಮಾಜವು ಈ ಪ್ರಶ್ನೆಯನ್ನು ಎಷ್ಟು ಪರಿಷತ್ತುಗಳ ಮುಂದೆ ಎಷ್ಟು ಬಾರಿ ಇಟ್ಟಿದೆ ಎಂದು ಸಮಾಜವೇ ಕೇಳಿಕೊಳ್ಳಬೇಕು. ತಿಳಿದುಕೊಳ್ಳುವ ಹಕ್ಕು ಗ್ರಾಹಕನ ಆರು ಹಕ್ಕುಗಳಲ್ಲಿ ಒಂದು. ಅದು ಎಲ್ಲರ ಹಕ್ಕು. ಜೈನರಿಗೆ ಅದು ವ್ರತದ ಪ್ರಶ್ನೆಯೂ ಹೌದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ಗೌರವದಿಂದ ಎದುರಿಸಬೇಕು.

ಸಲಹೆಗೆ ಬಲವೇನು, ಸರ್ಕಾರ ಅದನ್ನು ಒಪ್ಪಲೇಬೇಕೆಂದಿಲ್ಲವಲ್ಲ ಎಂಬುದು ಮೊದಲನೆಯ ಆಕ್ಷೇಪ. ನಿಜ. ಆದರೆ ಜಿಲ್ಲಾ ಪರಿಷತ್ತಿನ ಅಧ್ಯಕ್ಷಪೀಠದಲ್ಲಿ ಕುಳಿತಿರುವವರು ಯಾರೆಂಬುದನ್ನು ನೋಡಬೇಕು. ಒಂದು ವರ್ಗದ ಗ್ರಾಹಕರ ಹಕ್ಕುಗಳಿಗೆ ಧಕ್ಕೆಯಾದಾಗ, ಅನುಚಿತ ವ್ಯಾಪಾರ ಪದ್ಧತಿ ನಡೆದಾಗ, ಸುಳ್ಳು ಜಾಹೀರಾತು ಬಂದಾಗ ವಿಚಾರಣೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳುಹಿಸುವ ಅಧಿಕಾರವನ್ನು 2019ರ ಕಾಯ್ದೆಯ 16ನೆಯ ಸೆಕ್ಷನ್ ಅದೇ ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. ಪರಿಷತ್ತಿನ ಸಭೆಯಲ್ಲಿ ಕಿವಿಗೆ ಬಿದ್ದ ದೂರಿನ ಮೇಲೆ ಅದೇ ಅಧಿಕಾರಿಯು ಕ್ರಮ ಕೈಗೊಳ್ಳಬಲ್ಲರು. ನಡಾವಳಿಯಲ್ಲಿ ದಾಖಲಾದ ಸಲಹೆಯನ್ನು ತಳ್ಳಿಹಾಕಲು ಕಾರಣ ಬರೆಯಬೇಕಾಗುತ್ತದೆ. ಕಾರಣ ಬರೆಯಬೇಕಾದ ಕಡೆ ಅಧಿಕಾರವು ಸ್ವಲ್ಪ ಎಚ್ಚರದಿಂದ ನಡೆಯುತ್ತದೆ.

ಎರಡನೆಯ ಆಕ್ಷೇಪವನ್ನು ಹೊರಗೆ ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಜೈನರಲ್ಲಿ ಅನೇಕರು ವ್ಯಾಪಾರಿಗಳು. ಒಡವೆ, ಬಟ್ಟೆ, ಕಿರಾಣಿ, ಔಷಧ, ಭೂಮಿ ಇವೆಲ್ಲ ಸಮಾಜದ ಬಂಧುಗಳ ಕಸುಬುಗಳು. ಪರಿಷತ್ತು ಚುರುಕಾದರೆ ಬಂಧುಗಳಿಗೇ ತೊಂದರೆಯಲ್ಲವೆ? ಈ ಅಳುಕಿಗೆ ಉತ್ತರ ವ್ರತದಲ್ಲಿಯೇ ಇದೆ. ಸರಿಯಾದ ತೂಕ ಕೊಡುವ ವ್ಯಾಪಾರಿಗೆ, ಪಕ್ಕದ ಅಂಗಡಿಯ ಕಳ್ಳತೂಕವೇ ದೊಡ್ಡ ಶತ್ರು. ಅವನಿಗಿಂತ ಕಡಿಮೆ ಬೆಲೆಗೆ ಮಾರುವ ಶಕ್ತಿ ಕಲಬೆರಕೆಯವನಿಗೆ ಬರುವುದು ಕಲಬೆರಕೆಯಿಂದಲೇ. ನಿಯಮವು ಎಲ್ಲರಿಗೂ ಒಂದೇ ಆದಾಗ ಮೊದಲು ಲಾಭ ಪಡೆಯುವವನು ಪ್ರಾಮಾಣಿಕನಾದ ವ್ಯಾಪಾರಿ. ಹುಂಚದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಜಿನಾಲಯ ಕಟ್ಟಿಸಿದ ನೊಕ್ಕಯ್ಯ ಸೆಟ್ಟಿಯು ಪಟ್ಟಣಸ್ವಾಮಿ ಎಂಬ ಪದವಿಯಲ್ಲಿದ್ದವನು. ಪಟ್ಟಣಸ್ವಾಮಿಯೆಂದರೆ ಪೇಟೆಯ ಹಿರಿಯ; ಪೇಟೆಯ ಹೆಸರು ಅವನ ಹೆಸರಿನೊಡನೆ ಕಟ್ಟಿಕೊಂಡಿತ್ತು. ವ್ಯಾಪಾರದ ಮರ್ಯಾದೆಯನ್ನು ಕಾಯುವುದು ವ್ಯಾಪಾರಿಯ ಕೆಲಸವೇ ಆಗಿದ್ದ ಪರಂಪರೆ ಈ ಸಮಾಜದ್ದು.

ಹಾಗೆಂದು ವ್ಯಾಪಾರಿಗಳೇ ಗ್ರಾಹಕರ ಪ್ರತಿನಿಧಿಗಳಾಗಿ ಪರಿಷತ್ತಿನಲ್ಲಿ ಕೂರಬಾರದು. ವ್ಯಾಪಾರ ಮತ್ತು ಕೈಗಾರಿಕೆಗೆ ಅದರದೇ ಸ್ಥಾನಗಳಿರಲಿ. ಗ್ರಾಹಕರ ಹೆಸರಿನ ಸ್ಥಾನದಲ್ಲಿ ಸಗಟು ವ್ಯಾಪಾರಿಯೋ, ಪಕ್ಷದ ಕಾರ್ಯಕರ್ತನೋ ಕುಳಿತರೆ ಆ ಸ್ಥಾನವು ಕಳುವಾದಂತೆಯೇ. ನಿಗಮ ಮಂಡಳಿಗಳಂತೆ ಸಲಹಾ ಪರಿಷತ್ತುಗಳೂ ಪುನರ್ವಸತಿ ಕೇಂದ್ರಗಳಾಗುವ ಅಪಾಯ ಎಲ್ಲ ರಾಜ್ಯಗಳಲ್ಲಿಯೂ ಇದೆ. ಅದನ್ನು ತಡೆಯಲು ನಾಮಕರಣಗೊಂಡ ಪ್ರತಿಯೊಬ್ಬ ಅಧಿಕಾರೇತರ ಸದಸ್ಯನೂ ತನ್ನ ವ್ಯಾಪಾರ ಸಂಬಂಧಗಳನ್ನು ಲಿಖಿತವಾಗಿ ಘೋಷಿಸಲಿ, ಮೂರು ಸಭೆಗಳಿಗೆ ಸತತವಾಗಿ ಗೈರುಹಾಜರಾದವರ ಸ್ಥಾನ ತೆರವಾಗಲಿ ಎಂಬ ನಿಯಮಗಳನ್ನು ಸಮಾಜವು ಒತ್ತಾಯಿಸಬೇಕು.

ಗ್ರಾಹಕ ಚಳವಳಿಯನ್ನು ಕಟ್ಟಿದವರು ಸರ್ಕಾರದ ನಾಮಕರಣಕ್ಕೆ ಕಾದವರಲ್ಲ. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಹಿಳೆಯರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯನ್ನು ಸ್ಥಾಪಿಸಿದಾಗ ಕಾಯ್ದೆಗೆ ಇನ್ನೂ ಇಪ್ಪತ್ತು ವರ್ಷವಿತ್ತು. ಕನ್ನಡ ನಾಡಿನಲ್ಲಿ ಕುಂದಾಪುರದ ಬಳಿಯ ಬಸ್ರೂರಿನ ಬಳಕೆದಾರರ ವೇದಿಕೆಯೂ ಕಾಯ್ದೆಗೆ ಮೊದಲೇ ಹುಟ್ಟಿದ್ದು, ಡಾ. ರವೀಂದ್ರನಾಥ ಶಾನಭಾಗರ ನೇತೃತ್ವದಲ್ಲಿ ಅದು ಹಳ್ಳಿಯ ಸಾಮಾನ್ಯರ ದೂರುಗಳನ್ನು ಕೈಗೆತ್ತಿಕೊಂಡಿತು. ಮನೆಯ ಲೆಕ್ಕ ನೋಡುವ ಹೆಣ್ಣುಮಕ್ಕಳು, ನಿವೃತ್ತ ಅಧ್ಯಾಪಕರು, ಕಾನೂನು ಓದುವ ತರುಣರು ಇಂಥ ಪರಿಷತ್ತುಗಳಿಗೆ ತಕ್ಕ ಸದಸ್ಯರು. ಸಮಾಜದಲ್ಲಿ ಇವರಿಗೆ ಕೊರತೆಯಿಲ್ಲ. ಬಸದಿಯ ಸಮಿತಿಗೆ ಹೆಸರು ಸೂಚಿಸುವಾಗ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನು ಇಲ್ಲಿ ತೋರಿದರೆ ಸಾಕು.

ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತದ್ದು 2014ರ ಜನವರಿಯಲ್ಲಿ. ಅದಕ್ಕಾಗಿ ದಶಕಗಳ ಕಾಲ ಮನವಿಗಳು ಹೋದವು, ನಿಯೋಗಗಳು ಹೋದವು. ಆ ಶ್ರಮ ವ್ಯರ್ಥವಲ್ಲ. ಆದರೆ ಸಮಾಜವು ತನಗಾಗಿ ಮಾತ್ರ ಸರ್ಕಾರದ ಬಾಗಿಲು ತಟ್ಟಿದರೆ ಅದರ ದನಿ ಕ್ರಮೇಣ ಸಣ್ಣದಾಗುತ್ತದೆ. ಎಲ್ಲರ ತೂಕ ಸರಿಯಿರಲಿ ಎಂದು ಕೇಳುವ ಸಮಾಜದ ಮಾತಿಗೆ ಬೇರೆಯೇ ಬೆಲೆಯಿದೆ.

ಹೊರನಾಡಿನಲ್ಲಿರುವವರು ಇದು ತಮ್ಮ ರಾಜ್ಯವಲ್ಲವೆಂದು ಹಿಂದೆ ಸರಿಯಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಪಂಪನು ಆಶ್ರಯ ಪಡೆದ ಅರಿಕೇಸರಿಯ ವೇಮುಲವಾಡವೂ, ಪ್ರಾಚೀನ ಜೈನಕ್ಷೇತ್ರವಾದ ಕೊಲನುಪಾಕವೂ ಇಂದಿನ ತೆಲಂಗಾಣದಲ್ಲಿವೆ. ಪಂಪನ ತಮ್ಮ ಜಿನವಲ್ಲಭನು ಕರೀಂನಗರದ ಬಳಿಯ ಕುರಿಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಕೆತ್ತಿಸಿದನು. ಓದುವವನಿಗೆ ತಿಳಿಯಬೇಕೆಂಬ ಕಾಳಜಿ ಸಾವಿರ ವರ್ಷಗಳ ಹಿಂದೆಯೇ ಒಬ್ಬ ಜೈನನಿಗಿತ್ತು. ಇಂದು ಕಂತಿನ ಯೋಜನೆಯ ಷರತ್ತುಗಳು, ವಿಮೆಯ ಪತ್ರಗಳು ಬಹುಮಟ್ಟಿಗೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರುತ್ತವೆ. ಕೊಳ್ಳುವವನ ಭಾಷೆಯಲ್ಲಿ ಷರತ್ತುಗಳಿರಲಿ ಎಂಬ ಬೇಡಿಕೆಯನ್ನು ತೆಲುಗು, ಉರ್ದು ನೆರೆಹೊರೆಯವರೊಡನೆ ಸೇರಿ ಮಂಡಿಸಲು ಕನ್ನಡ ಜೈನರಿಗೆ ಎಲ್ಲ ಅರ್ಹತೆಯೂ ಇದೆ.

ಕೊನೆಯದಾಗಿ, ನಾಳೆಯೇ ಮಾಡಬಹುದಾದ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನಗೆ ಸಲಹೆ ನೀಡುವ ಮಂಡಳಿ, ಪರಿಷತ್ತು, ಸಮಿತಿಗಳ ವಿವರವನ್ನೂ, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡಾವಳಿಗಳು ದೊರೆಯುತ್ತವೆಯೇ ಎಂಬುದನ್ನೂ ತಾನಾಗಿ ಪ್ರಕಟಿಸಬೇಕೆಂದು ವಿಧಿಸಿದೆ. ಪ್ರಕಟಿಸದಿದ್ದರೆ 10 ರೂಪಾಯಿಯ ಅರ್ಜಿ ಸಾಕು. ಅರ್ಜಿಯಲ್ಲಿ ನಾಲ್ಕೇ ಪ್ರಶ್ನೆಗಳಿರಲಿ: ಈ ಜಿಲ್ಲೆಯ ಪರಿಷತ್ತನ್ನು ಸ್ಥಾಪಿಸಿದ ಅಧಿಸೂಚನೆಯ ದಿನಾಂಕ ಯಾವುದು? ಸದಸ್ಯರು ಯಾರು, ಅವರ ಅವಧಿ ಎಂದು ಮುಗಿಯುತ್ತದೆ? ಕಳೆದ ಮೂರು ವರ್ಷಗಳಲ್ಲಿ ಸಭೆಗಳು ಎಂದೆಂದು ನಡೆದವು? ಅವುಗಳ ನಿರ್ಣಯಗಳ ಮೇಲೆ ಏನು ಕ್ರಮವಾಯಿತು? ಹೈದರಾಬಾದ್, ಪುಣೆ, ಸಾಂಗಲಿ, ಚೆನ್ನೈ, ಎಲ್ಲಿಯೇ ಇರಲಿ, ಆಯಾ ಊರಿನ ಒಂದು ಕುಟುಂಬ ಒಂದು ಅರ್ಜಿ ಹಾಕಿದರೂ ಒಂದು ವರ್ಷದೊಳಗೆ ದೊಡ್ಡದೊಂದು ಚಿತ್ರ ಸಿಗುತ್ತದೆ. ಪರಿಷತ್ತು ಇಲ್ಲವೆಂಬ ಉತ್ತರ ಬಂದರೆ ಅದು ಶಾಸಕರ ಕೈಗೆ ಹೋಗಬೇಕಾದ ಕಾಗದ. ಇದೆಯೆಂದು ಬಂದರೆ, ತಕ್ಕ ಹೆಸರುಗಳನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸುವ ಸಮಯ. ಈ ನಡುವೆ ಸ್ವಂತ ದೂರು ಇರುವವರಿಗೆ 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ. 5 ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಪರ್ಯುಷಣದ ದಿನಗಳಲ್ಲಿ ಶ್ರಾವಕನು ಪ್ರತಿಕ್ರಮಣ ಮಾಡುವಾಗ ತನ್ನ ವ್ರತಗಳ ಅತಿಚಾರಗಳನ್ನು ಒಂದೊಂದಾಗಿ ಎಣಿಸಿ ಪಶ್ಚಾತ್ತಾಪ ಪಡುತ್ತಾನೆ. ಆ ಪಟ್ಟಿಯಲ್ಲಿ ಅಳತೆ ತೂಕದ ದೋಷವೂ, ಕಲಬೆರಕೆಯ ದೋಷವೂ ಇವೆ. ತಾನು ಮಾಡದಿದ್ದರೂ ಕಣ್ಣೆದುರು ನಡೆದುದನ್ನು ಕಂಡು ಸುಮ್ಮನಿದ್ದುದರ ಲೆಕ್ಕವನ್ನೂ ಈ ಬಾರಿ ಪ್ರತಿಯೊಬ್ಬ ಶ್ರಾವಕನೂ ಅದರೊಡನೆ ಸೇರಿಸಿಕೊಳ್ಳಲಿ. ಕಾಯ್ದೆ ಕೇಳುವ 68 ಸಭೆಗಳ ಪೈಕಿ ತನ್ನ ಜಿಲ್ಲೆಯ ಎರಡು ಎಲ್ಲಿ ಹೋದವೆಂದು ವಿಚಾರಿಸಲಿ.

ಜಯ ಜಿನೇಂದ್ರ.